ಮನೆ ಎರಡು, ಹೊಟ್ಟೆ ಒಂದು

ಇವತ್ತು ಬೆಳಿಗ್ಗೆ ಜೋಳ ಬೀಸಿಸಿಕೊಂಡು ಬರಲು ಹೋದವಳು ಹಿಟ್ಟಿನ ಡಬ್ಬಿಯನ್ನು ಗಿರಣಿಯಲ್ಲೇ ಬಿಟ್ಟು ಬರಿಗೈಯಲ್ಲಿ ಹೊರಟಿದ್ದೆ. ಓಣಿಯ ತಿರುವಿಗೆ ಬಂದ ಮೇಲೆ ನೆನಪಾಯಿತು. ಎದೆ ತುಂಬ ಸಂತೋಷ ಇದ್ದಾಗ ಹೀಗೇ ಆಗುತ್ತದೆ. ತುಂಬಿದ ಕೊಡ ಹೊತ್ತವಳಿಗೆ ಲಕ್ಷ್ಯವೆಲ್ಲ ಕೊಡದ ಮೇಲೆಯೇ ಇರುತ್ತದೆ, ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ತಿರುಗಿ ಹೋದೆ.

"ಏನ್ ಬೇ ಯಮ್ಮಾ, ಹಿಟ್ಟು ನಂಗ ಬಿಟ್ಟು ಹೊಂಟಿದ್ದಿ. ರೊಟ್ಟಿ ನಾನ ಬಡೀಲೇನು?" ಎಂದು ಗಿರಣಿಯವನು ನಕ್ಕ.

"ನನ್ನ ಮೊಮ್ಮಗಳು ಗೆದ್ದಾಳಪ್ಪ," ಎಂದೆ.

"ಯಾವ ಎಲೆಕ್ಷನ್ನು?"

"ಎಲೆಕ್ಷನ್ ಅಲ್ಲೋ. ಫೋನಿನ್ಯಾಗ ಒಂದು ಡಬ್ಬಿ ಒಳಗಿನ ಸಾಮಾನು ಇನ್ನೊಂದು ಡಬ್ಬಿಗೆ ಹಾಕ್ಯಾಳ. ಒಂದು ಕಾಳು ಚೆಲ್ಲಿಲ್ಲ."

ಅವನು ನನ್ನ ಮುಖ ನೋಡಿದ. ಆಮೇಲೆ ನನ್ನ ಹಿಂದೆ ನಿಂತವಳ ಚೀಲ ಇಸಿದುಕೊಂಡ. "ಛಲೋ ಆತು ಬಿಡಮ್ಮ. ಬಿಸಲದ, ತಲಿ ಮ್ಯಾಲ ಸೆರಗು ಹಾಕ್ಕೊಂಡು ಹೋಗು."

ಮನೆಗೆ ಬಂದು ಮಾನ್ವಿಯಲ್ಲಿರುವ ಮಗಳಿಗೆ ಫೋನ್ ಮಾಡಿದೆ.

"ಯವ್ವಾ, ಸಂತ್ಯಾಗ ಅದೀನಿ," ಎಂದಳು. "ಆಕಿ ನಂಗೂ ಹೇಳ್ಯಾಳ. ನಂಗೇನೂ ತಿಳೀಲಿಲ್ಲ. ನೀ ಉಂಡಿ ಏನು?"

"ಹತ್ತು ಗಂಟಿಗೆ ಯಾರು ಉಣ್ತಾರ?"

"ಮತ್ತ ಉಣ್ಣು. ಇಡ್ತೀನಿ."

ಇಟ್ಟೇಬಿಟ್ಟಳು. ಅವಳ ತಪ್ಪಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವವಳ ಕಿವಿಗೆ ಇಂಥ ಮಾತು ಹೋಗುವುದಿಲ್ಲ. ಹಾಗಾಗಿ ಮೊಮ್ಮಗಳ ಹಳೆಯ ನೋಟುಬುಕ್ಕಿನ ಹಿಂದಿನ ಖಾಲಿ ಹಾಳೆ ತೆಗೆದು ಬರೆಯಲು ಕುಳಿತಿದ್ದೇನೆ. ಗಬ್ಬೂರಿನ ಸಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಕಲಿತವಳು ನಾನು. ಬಸ್ಸಿನ ಬೋರ್ಡು, ಕ್ಯಾಲೆಂಡರು, ಔಷಧದ ಚೀಟಿ ಓದುತ್ತಾ ಅಕ್ಷರ ಉಳಿಸಿಕೊಂಡಿದ್ದೇನೆ. ನಿಧಾನವಾಗಿ ಬರುತ್ತವೆ, ಆದರೆ ಬರುತ್ತವೆ. ಯಾರೂ ಕೇಳದಿದ್ದರೂ ಹಾಳೆ ಕೇಳಿಸಿಕೊಳ್ಳುತ್ತದೆ.

ರಾಯಚೂರಿನಲ್ಲಿ ಸ್ಟೇಷನ್ ಕಡೆಯ ಓಣಿಯಲ್ಲಿ ನನ್ನದು ಒಂದೇ ಕೋಣೆ. ನನ್ನ ಗಂಡ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದರು. ಅವರು ಹೋದ ಮೇಲೆ ಮಗಳು ಮಾನ್ವಿಗೆ ಬಾ ಎಂದಳು. ನಾನು ಹೋಗಲಿಲ್ಲ. ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಕೆಲಸ ಇತ್ತು, ಕೈ ನಡೆಯುತ್ತಿತ್ತು. ಆದರೆ ಒಂದು ಮಾತು ಹೇಳಬೇಕು. ಆ ನಾಲ್ಕು ವರ್ಷ ಬೆಳಿಗ್ಗೆ ಎದ್ದರೆ ಖಾನಾವಳಿಯವನು ಬಂದು "ಆತೇನ್ರಿ?" ಎಂದು ಕೇಳುವವರೆಗೆ ನನ್ನ ಧ್ವನಿಯನ್ನೇ ನಾನು ಕೇಳುತ್ತಿರಲಿಲ್ಲ. "ಆತ್ರಿ" ಎನ್ನಲು ಹೋದರೆ ಗಂಟಲಲ್ಲಿ ಕಫ ಕಟ್ಟಿರುತ್ತಿತ್ತು. ರೊಟ್ಟಿ ಬಡಿಯುವ ಸದ್ದು, ರೈಲಿನ ಸದ್ದು, ಅಷ್ಟೇ.

ಆಮೇಲೆ ಮೊಮ್ಮಗಳು ಕಾಲೇಜಿಗೆಂದು ಬಂದಳು. ಕಂಪ್ಯೂಟರ್ ಓದಿದಳು. ಓದು ಮುಗಿದ ಮೇಲೆ ಇಲ್ಲೇ ಒಂದು ಸಣ್ಣ ಆಫೀಸಿನಲ್ಲಿ ಮೂರು ತಿಂಗಳು ನೋಡೋಣ ಎಂದು ಇಟ್ಟುಕೊಂಡರು. ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತಾರೆ. ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ "ಯಮ್ಮಾ, ಇವತ್ತು ಏನಾತು ಗೊತ್ತದೇನು?" ಎಂದು ಶುರು ಮಾಡುವವಳು. ಅರ್ಧ ನನಗೆ ತಿಳಿಯುತ್ತಿರಲಿಲ್ಲ. ತಿಳಿಯಬೇಕೆಂದು ಏನಿದೆ? ಕೋಣೆಯಲ್ಲಿ ಮಾತಿತ್ತು.

ಆಫೀಸಿನಲ್ಲಿ ಅವಳಿಗೆ ಕೊಟ್ಟ ಕೆಲಸ ಇದು. ಊರೂರಿಗೆ ಹೋಗಿ ಬಸುರಿ ಹೆಣ್ಣುಮಕ್ಕಳನ್ನು ನೋಡಿಕೊಂಡು ಬರುವ ಕಾರ್ಯಕರ್ತೆಯರು ಇರುತ್ತಾರೆ. ಅವರ ಫೋನಿಗೆ ಒಂದು ಆಪ್ ಮಾಡಬೇಕು. ಯಾವ ಊರಲ್ಲಿ ಯಾವ ಹುಡುಗಿ ಬಸುರಿ, ಎಷ್ಟು ತಿಂಗಳು, ಮನೆ ಎಲ್ಲಿ, ಏನು ತೊಂದರೆ, ಎಲ್ಲ ಅದರಲ್ಲಿ ಇರಬೇಕು. ಮಾಡಿದಳು. ಎಲ್ಲ ಸರಿ ಇತ್ತು. ಒಂದೇ ಕಡೆ ಎಡವಿದಳು. ನಮ್ಮಲ್ಲಿ ಚೊಚ್ಚಲು ಬಸುರಿಗೆ ಕುಬಸ ಮಾಡಿ, ಹಸಿರು ಬಳೆ ಇಡಿಸಿ, ತವರಿಗೆ ಕಳಿಸುತ್ತಾರಲ್ಲ, ಅಲ್ಲಿ.

ಮಟಮಾರಿಯ ಒಬ್ಬ ಸೊಸೆ ದೇವದುರ್ಗಕ್ಕೆ ತವರಿಗೆ ಹೋದಳು. ಮೊಮ್ಮಗಳ ಆಪು ಆ ಹುಡುಗಿಯನ್ನು ಮಟಮಾರಿಯ ಪಟ್ಟಿಯಿಂದ ಎತ್ತಿ ದೇವದುರ್ಗದ ಪಟ್ಟಿಗೆ ಇಟ್ಟಿತು. ಮಟಮಾರಿಯ ಕಾರ್ಯಕರ್ತೆ ನೋಡಿದರೆ ಹುಡುಗಿ ಇಲ್ಲವೇ ಇಲ್ಲ. ಹೆಸರೇ ಅಳಿಸಿ ಹೋಗಿದೆ. ಅತ್ತೆಮನೆಯವರು ಗಾಬರಿಯಾದರು. ಆಫೀಸಿನ ಸರ್ ಬೈದರು. ಇವಳು ತಿದ್ದಿದಳು. ಎತ್ತಿ ಇಡುವುದು ಬೇಡ, ಕಾಪಿ ಮಾಡೋಣ, ಎರಡೂ ಕಡೆ ಇರಲಿ ಎಂದು. ಈಗ ಹುಡುಗಿ ಎರಡೂ ಪಟ್ಟಿಯಲ್ಲಿ ಬಂದಳು. ಆದರೆ ದೇವದುರ್ಗದವಳು ತವರುಮನೆಯ ಓಣಿ, ಫೋನ್ ನಂಬರು ತುಂಬಿದ ಕೂಡಲೇ ಮಟಮಾರಿಯಲ್ಲೂ ಅದೇ ಓಣಿ, ಅದೇ ನಂಬರು ಆಗಿಬಿಟ್ಟಿತು. ಮಟಮಾರಿಯ ಕಾರ್ಯಕರ್ತೆ ಹುಡುಗಿಯ ಅತ್ತೆಯನ್ನು ಕಾಣಲೆಂದು ಫೋನ್ ನೋಡಿಕೊಂಡು ಓಣಿ ಓಣಿ ತಿರುಗಿ, ಇಲ್ಲದ ಓಣಿ ಹುಡುಕಿ ಸುಸ್ತಾಗಿ, ಸರ್‌ಗೆ ಫೋನ್ ಮಾಡಿ, "ದೇವದುರ್ಗದ ಓಣಿ ಮಟಮಾರ್ಯಾಗ ಹೆಂಗ ಸಿಗ್ತದ್ರಿ ಸರ?" ಎಂದು ಜಾಡಿಸಿದಳಂತೆ.

ಶನಿವಾರ ಮೊಮ್ಮಗಳು ಬಂದಾಗ ಚಪ್ಪಲಿ ಬಿಟ್ಟ ಸದ್ದಷ್ಟೇ ಕೇಳಿತು. ಮಾತಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು.

"ಏನಾತ ಯವ್ವಾ?"

"ಸೋಮವಾರದೊಳಗ ಸರಿ ಆಗಬೇಕಂತ. ಇಲ್ಲಂದ್ರ ಊರಿಗೆ ಹೋಗು, ಇನ್ನಷ್ಟು ಕಲ್ತು ಬಾ ಅಂದ್ರು."

ಊರಿಗೆ ಅಂದರೆ ಮಾನ್ವಿಗೆ. ಅವಳು ಮಾನ್ವಿಗೆ ಹೋದರೆ ಈ ಕೋಣೆಯಲ್ಲಿ ಉಳಿಯುವುದು ನಾನು ಮತ್ತು ರೊಟ್ಟಿಯ ಹಂಚು. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಅವಳ ನೌಕರಿಗಿಂತ ಮೊದಲು ನೆನಪಾದದ್ದು ಅದೇ. ಬೆಳಿಗ್ಗೆ ಗಂಟಲಲ್ಲಿ ಕಟ್ಟುತ್ತಿದ್ದ ಆ ಕಫ.

"ಏಳು, ನಂಗ ಹೇಳು. ಎಲ್ಲಿ ಗಂಟು ಬಿದ್ದದ?" ಎಂದೆ.

"ನಿಂಗ ಹೇಳಿದ್ರ ಬಿಚ್ತೀ ಏನು?"

"ಬಿಚ್ಚಲ್ಲ. ಆದ್ರ ಹೇಳಿದ್ರ ನೀ ಉಣ್ತೀ."

ಎದ್ದು ಕುಳಿತಳು. ನನ್ನ ಗೂಡಿನಿಂದ ಡಬ್ಬಿಗಳನ್ನು ಇಳಿಸಿದಳು. ದೊಡ್ಡ ಡಬ್ಬಿ ಒಂದನ್ನು ಮುಂದೆ ಇಟ್ಟು, "ಇದು ಹುಡುಗಿ," ಎಂದಳು. "ಇದರೊಳಗ ಆಕಿ ಹೆಸರದ, ವಯಸ್ಸದ. ಮತ್ತ ಮನಿ ಅನ್ನೋದು ಒಂದು ಸಣ್ಣ ಡಬ್ಬಿ. ಮನಿ ಡಬ್ಬ್ಯಾಗ ಊರು, ಓಣಿ, ಫೋನು. ತಿಳೀತ?"

"ಡಬ್ಬ್ಯಾಗ ಡಬ್ಬಿ. ತಿಳೀತು."

"ಆದ್ರ ಖರೇನ ಸಣ್ಣ ಡಬ್ಬಿ ದೊಡ್ಡದರೊಳಗ ಇರಂಗಿಲ್ಲ. ಅದು ಅಲ್ಲಿ ಗೂಡಿನ ಮ್ಯಾಲಿರ್ತದ. ದೊಡ್ಡ ಡಬ್ಬ್ಯಾಗ ಬರೇ ಒಂದು ಚೀಟಿ. 'ಮನಿ ಡಬ್ಬಿ ಮೂರನೇ ಗೂಡಿನ್ಯಾಗದ' ಅಂತ." ಹಳೆಯ ಕ್ಯಾಲೆಂಡರು ಹರಿದು ಚೀಟಿ ಬರೆದು ಹಾಕಿದಳು. ಇನ್ನೊಂದು ದೊಡ್ಡ ಡಬ್ಬಿ ತಂದಳು. "ಈಗ ನಾ ಹುಡುಗೀನ ಕಾಪಿ ಮಾಡ್ದೆ. ಒಳಗಿದ್ದದ್ದೆಲ್ಲ ಇದ್ದಂಗ ಬಂತು. ಚೀಟೀನೂ ಬಂತು. ಈ ಚೀಟಿ ಎಲ್ಲಿಗೆ ಹೋಗು ಅಂತದ?"

"ಅದ ಮೂರನೇ ಗೂಡಿಗೆ."

"ಹಾಂ. ಡಬ್ಬಿ ಎರಡಾದ್ರೂ ಮನಿ ಒಂದ ಉಳೀತು. ದೇವದುರ್ಗದಾಕಿ ಮನಿ ಬದಲಿ ಮಾಡಿದ್ರ ಮಟಮಾರಿದೂ ಬದಲಿ ಆತು."

ನಾನು ಮೂರನೇ ಗೂಡಿನ ಡಬ್ಬಿಯನ್ನು ನೋಡಿದೆ. ಅದರಲ್ಲಿ ನನ್ನ ಸಾಸಿವೆ ಇತ್ತು. ಬಹಳ ಸುಲಭವಾಗಿ ತಿಳಿದುಬಿಟ್ಟಿತು, ನನಗೇ ಆಶ್ಚರ್ಯವಾಯಿತು.

"ಮತ್ತ ಏನು ಮಾಡ್ತಿ?"

"ತಳಾಮಟಾ ಬ್ಯಾರೆ ಮಾಡಿಬಿಡ್ತೀನಿ. ಒಳಗಿನ ಡಬ್ಬಿ, ಅದರೊಳಗಿನ ಡಬ್ಬಿ, ಎಲ್ಲಾದಕ್ಕೂ ಹೊಸಾ ಡಬ್ಬಿ. ಅಲ್ಲೊಂದು ಹುಡುಗಿ, ಇಲ್ಲೊಂದು ಹುಡುಗಿ. ಇದಕ್ಕೂ ಅದಕ್ಕೂ ಸಂಬಂಧಾನ ಇಲ್ಲ. ಮುಗದು ಹೋತು." ಹೇಳುತ್ತಾ ಹೇಳುತ್ತಾ ಅವಳ ಮುಖ ಅರಳಿತು. ತಟ್ಟೆ ಹತ್ತಿರ ಎಳೆದುಕೊಂಡಳು.

ನಾನು ರೊಟ್ಟಿ ಹಾಕಲು ಹೋದವಳು ಕೈ ತಡೆದೆ.

"ಸಂಬಂಧಾನ ಇಲ್ಲ ಅಂದ್ರ? ಮಟಮಾರ್ಯಾಗ ನರ್ಸಮ್ಮ ಏನಾರ ಹೇಳಿರ್ತಾಳ. ಅದು ದೇವದುರ್ಗದಾಕಿಗೆ ಹೆಂಗ ತಿಳೀತದ?"

"ಕಾಪಿ ಮಾಡಿದ ದಿನದ ಮಟ ಇದ್ದದ್ದು ತಿಳೀತದ."

"ಮರುದಿನ ಹೇಳಿದ್ದು?"

ಅವಳು ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಕುರ್ಡ್ಯಾಗ ಒಬ್ಬ ಹುಡುಗಿ ಇದ್ದಳು," ಎಂದೆ. "ಭಾಳ ಹಿಂದಿನ ಮಾತು."

ಆ ಹುಡುಗಿ ನಾನೇ. ಅವಳಿಗೆ ಹಾಗೆ ಹೇಳಲಿಲ್ಲ. ಮಗಳಿಗೂ ಎಂದೂ ಹೇಳಿಲ್ಲ. ಅವಳು ಆಮೇಲೆ ಹುಟ್ಟಿದವಳು, ತಾನೇ ಚೊಚ್ಚಲು ಎಂದು ತಿಳಿದು ಬೆಳೆದವಳು. ತಿಳಿದುಕೊಳ್ಳಲಿ ಬಿಡು ಎಂದು ಬಿಟ್ಟಿದ್ದೆ.

ದೇವದುರ್ಗ ತಾಲೂಕಿನ ಗಬ್ಬೂರಿನಿಂದ ಮಾನ್ವಿ ತಾಲೂಕಿನ ಕುರ್ಡಿಗೆ ನನ್ನನ್ನು ಕೊಟ್ಟಿದ್ದರು. ಏಳನೇ ತಿಂಗಳಲ್ಲಿ ಕುಬಸ ಮಾಡಿದರು. ಮರುದಿನ ನರ್ಸಮ್ಮ ಬಂದು ನನ್ನ ಪಾದ ಒತ್ತಿ ನೋಡಿದಳು. ಬೆರಳಿನ ಗುಳಿ ಹಾಗೇ ಉಳಿಯಿತು. ಅತ್ತೆಯನ್ನು ಕರೆದು, ಉಪ್ಪು ಕಡಿಮೆ ಮಾಡಿರಿ, ಹೆರಿಗೆ ಮನೆಯಲ್ಲಿ ಬೇಡ, ದವಾಖಾನೆಗೇ ಕರೆದುಕೊಂಡು ಹೋಗಿರಿ ಎಂದಳು. ಅದರ ಮರುದಿನ ಅವ್ವ ಬಂದು ನನ್ನನ್ನು ಗಬ್ಬೂರಿಗೆ ಕರೆದುಕೊಂಡು ಹೋದಳು. ಬೀಗತಿಯರಿಬ್ಬರೂ ಕಟ್ಟೆಯ ಮೇಲೆ ಕುಳಿತು ಸೀರೆಯ ಮಾತಾಡಿದರು, ಬುತ್ತಿಯ ಮಾತಾಡಿದರು, ಬಸ್ಸಿನ ಮಾತಾಡಿದರು. ನರ್ಸಮ್ಮನ ಮಾತು ಮಾತ್ರ ಬರಲಿಲ್ಲ. ತಾಯಿಗೆ ಮಗಳು ಹೇಳದೆ ಇರುತ್ತಾಳೆಯೇ ಎಂದು ಅತ್ತೆ ತಿಳಿದಳು. ದೊಡ್ಡವರು ದೊಡ್ಡವರಿಗೆ ಹೇಳಿಯೇ ಇರುತ್ತಾರೆ ಎಂದು ನಾನು ತಿಳಿದೆ. ನನ್ನ ಹೊಟ್ಟೆಯ ಮಾತು ನನ್ನ ಬಾಯಲ್ಲಿ ಆಡುವುದು ಆಗ ನಾಚಿಕೆಯ ಸಂಗತಿ. ಮಾತು ಕುರ್ಡಿಯಲ್ಲೇ ಉಳಿಯಿತು, ನಾನು ಗಬ್ಬೂರಿಗೆ ಬಂದೆ.

ಅವ್ವ ನನ್ನ ಬಾತ ಕಾಲು ನೋಡಿ ಗಂಡುಮಗು ಎಂದು ಹಿಗ್ಗಿದಳು. ಬಯಕೆ ಎಂದು ಊಟಕ್ಕೊಮ್ಮೆ ಉಪ್ಪಿನಕಾಯಿ ಹಾಕಿದಳು, ಕೇಳಿದಷ್ಟು ಹಾಕಿದಳು. ಹೆರಿಗೆ ಮನೆಯಲ್ಲೇ ಆಯಿತು. ಮಗು ಅಳಲಿಲ್ಲ. ನನಗೆ ಮೂರನೇ ದಿನ ಎಚ್ಚರ ಬಂತು. ಗಂಡೇ ಆಗಿತ್ತು ಎಂದು ಆಮೇಲೆ ಯಾರೋ ಹೇಳಿದರು. ನರ್ಸಮ್ಮ ಹೇಳಿದ್ದ ಮಾತು ಅವ್ವನಿಗೆ ಬಹಳ ದಿನದ ಮೇಲೆ ಅತ್ತೆಯಿಂದ ತಿಳಿಯಿತು. ಆಮೇಲೆ ಅವಳು ಬದುಕಿರುವ ತನಕ ನನ್ನ ತಟ್ಟೆಗೆ ಮತ್ತೆ ಉಪ್ಪಿನಕಾಯಿ ಹಾಕಲಿಲ್ಲ.

ಇಷ್ಟನ್ನೂ ನಾನು ಮೊಮ್ಮಗಳಿಗೆ ನಾಲ್ಕು ಮಾತಿನಲ್ಲಿ ಹೇಳಿದೆ, ಯಾರದೋ ಕತೆ ಹೇಳಿದಂತೆ. ಹೇಳಿ ಮುಗಿಸಿ, "ಮನಿ ಎರಡು ಮಾಡು ಯವ್ವಾ, ಬ್ಯಾಡ ಅನ್ನಂಗಿಲ್ಲ. ಹೊಟ್ಟಿ ಎರಡು ಮಾಡಬ್ಯಾಡ," ಎಂದೆ. "ತವರಿಗೆ ಹೋದ್ರೂ ಹೊಟ್ಟಿ ಒಂದ. ಅದರ ಮಾತು ಎರಡೂ ಕಡಿ ಒಂದ ಇರಬೇಕು."

ಅವಳು ಡಬ್ಬಿಗಳನ್ನೆಲ್ಲ ಮತ್ತೆ ಹತ್ತಿರ ಎಳೆದುಕೊಂಡಳು. ಆಮೇಲೆ ಎರಡು ಸಣ್ಣ ಡಬ್ಬಿ ತೆಗೆದುಕೊಂಡು ಎರಡು ಬೇರೆ ಗೂಡಿನಲ್ಲಿ ಇಟ್ಟಳು. "ಇವು ಮನಿ." ಸಾಸಿವೆ ಡಬ್ಬಿಯನ್ನು ನಡುವೆ ಇಟ್ಟಳು. "ಇದು ಹೊಟ್ಟಿ. ತಿಂಗಳು, ರಕ್ತ, ಬಾವು, ಸೂಜಿ, ಗುಳಿಗಿ, ಎಲ್ಲಾ ಇದರಾಗ. ಇದರ ಚೀಟಿ ಎರಡೂ ಹುಡುಗಿ ಡಬ್ಬಿಗೂ ಒಂದ." ಆಮೇಲೆ ತನ್ನಷ್ಟಕ್ಕೆ ತಾನೇ, "ಎಲ್ಲಾನೂ ಕಾಪಿ ಮಾಡೋದೂ ತಪ್ಪ, ಮಾಡದೆ ಇರೋದೂ ತಪ್ಪ. ಆರಿಸಿ ಮಾಡಬೇಕು," ಎಂದಳು. ಅಂದು ನಾನು ಬಡಿದ ಮೂರು ರೊಟ್ಟಿಯನ್ನೂ ತಿಂದಳು.

ಭಾನುವಾರ ಮಧ್ಯಾಹ್ನ ಕರೆಂಟು ಹೋಗಿತ್ತು. ಬಾಗಿಲಲ್ಲಿ ಗಾಳಿಗೆ ಕುಳಿತಿದ್ದೆವು. ತನ್ನ ಹಳೆಯ ಫೋನನ್ನು ನನಗೆ ಕೊಟ್ಟಿದ್ದಳು, ಗಾಜು ಸೀಳಿದ್ದು. ಅದನ್ನು ಇಸಿದುಕೊಂಡು ಏನೋ ಮಾಡಿ ಮರಳಿ ನನ್ನ ಕೈಗೆ ಕೊಟ್ಟಳು.

"ಪರೀಕ್ಷಾ ಮಾಡಾಕತ್ತೀನಿ. ನೀ ಗಬ್ಬೂರಿನ ಕಾರ್ಯಕರ್ತಿ. ನಾ ಕುರ್ಡಿದಾಕಿ. ಹುಡುಗಿ ಹೆಸರು ನಿಂದ ಹಾಕೀನಿ, ಏಳು ತಿಂಗಳ ಬಸುರಿ."

"ಥೂ, ಈ ವಯಸ್ಸಿನ್ಯಾಗ?"

"ಸುಮ್ಮನ ಫೋನ್ ನೋಡಮ್ಮ."

ಅವಳು ತನ್ನ ಫೋನಿನಲ್ಲಿ ಏನೋ ಬರೆದಳು. ನನ್ನ ಕೈಯೊಳಗಿನದು ಟಿಂವ್ ಎಂದಿತು. ಕಣ್ಣ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮೇಲೆ ನನ್ನ ಹೆಸರು. ಊರು ಗಬ್ಬೂರು. ಓಣಿ ನಮ್ಮವ್ವನ ಓಣಿ, ಅದನ್ನು ನಾನೇ ಯಾವಾಗಲೋ ಅವಳಿಗೆ ಹೇಳಿದ್ದೆ. ಕೆಳಗೆ ಹೀಗಿತ್ತು: ಕಾಲು ಬಾತಿವೆ. ಉಪ್ಪು ಕಡಿಮೆ ಮಾಡಬೇಕು. ಹೆರಿಗೆ ದವಾಖಾನೆಯಲ್ಲೇ ಆಗಬೇಕು.

ಕುರ್ಡಿಯ ಮಾತು ಗಬ್ಬೂರಿಗೆ ಬಂದಿತ್ತು.

"ಬಂತೇನು?" ಎಂದಳು.

"ಬಂತು."

"ಈಗ ನೀ ಗಬ್ಬೂರಿನ ಮನಿ ಓಣಿ ಬದಲಿ ಮಾಡು. ಇಲ್ಲೊತ್ತು." ಒತ್ತಿದೆ. ಅವಳ ಫೋನಿನಲ್ಲಿ ಕುರ್ಡಿಯ ಮನೆ ಕುರ್ಡಿಯಲ್ಲೇ ಇತ್ತು, ಅಲುಗಾಡಲಿಲ್ಲ. ಅವಳು ಚಪ್ಪಾಳೆ ತಟ್ಟಿದಳು. ಓಣಿಯನ್ನು ಮೊದಲಿನಂತೆ ಮಾಡಿಸಿದಳು.

"ಮೊದಲಿಂದು ಇನ್ನೊಮ್ಮಿ ಮಾಡು," ಎಂದೆ.

"ಯಾವುದು?"

"ಕಾಲಿಂದು. ಅಲ್ಲಿಂದ ಇಲ್ಲಿಗೆ ಬರೂದು."

ಮಾಡಿದಳು. ಟಿಂವ್ ಎಂದಿತು. ಓದಿದೆ. ಇನ್ನೊಮ್ಮೆ ಎಂದೆ. ಮೂರು ಸಲ ಮಾಡಿಸಿದೆ. ಮೂರನೇ ಸಲ ಅವಳು ಫೋನು ಬಿಟ್ಟು ನನ್ನ ಮುಖ ನೋಡಿದಳು. ಸೆರಗಿನಿಂದ ನಾನು ಫೋನಿನ ಗಾಜು ಒರೆಸಿದೆ. ಅದು ಒದ್ದೆಯಾಗಿತ್ತು.

ಸೋಮವಾರ ಆಫೀಸಿನಲ್ಲಿ ನಡೆದದ್ದನ್ನು ಅವಳು ಬಂದು ಹೇಳಿದ ರೀತಿ ನೋಡಬೇಕಿತ್ತು, ಎರಡೂ ಧ್ವನಿ ಅವಳೇ ಮಾಡಿ. ಸರ್ ಎಲ್ಲ ನೋಡಿ, "ಇದನ್ನ ಹಿಂಗ ಭಾಗ ಮಾಡು ಅಂತ ಯಾರು ಹೇಳಿದ್ರು?" ಎಂದರಂತೆ.

"ನಮ್ಮಮ್ಮ, ಸರ್."

"ಅವರು ಯಾವ ಕಂಪನ್ಯಾಗ ಅದಾರ?"

"ರೊಟ್ಟಿ ಬಡೀತಾರ, ಸರ್."

ನೌಕರಿ ಗಟ್ಟಿಯಾಯಿತು. ಅದನ್ನು ಮೊದಲು ಹೇಳಿದಳು. ಇನ್ನೊಂದನ್ನು ಕೈ ತೊಳೆದು ಬಂದು, ನೀರು ಕುಡಿದು, ಚೊಂಬು ಇಟ್ಟು ಆಮೇಲೆ ಹೇಳಿದಳು. ದೇವದುರ್ಗ ತಾಲೂಕಿನ ಕಾರ್ಯಕರ್ತೆಯರಿಗೆ ಇದನ್ನು ಕಲಿಸಲು ಅವಳೇ ಹೋಗಬೇಕು. ಆರು ತಿಂಗಳು ಅಲ್ಲೇ ಕೋಣೆ ಮಾಡಿಕೊಂಡಿರಬೇಕು.

ಅವಳು ಹೋಗದಿರಲಿ ಎಂದು ನಾನು ಬಾಯಿ ಬಿಟ್ಟಿದ್ದೆ. ಬಾಯಿ ಬಿಟ್ಟದ್ದಕ್ಕೆ ಅವಳು ಗೆದ್ದಳು. ಗೆದ್ದದ್ದಕ್ಕೆ ಹೊರಟಳು. ನನಗೆ ನಗು ಬಂತು. ನಕ್ಕೆ ಕೂಡ.

"ಯಾಕ ನಗ್ತಿ?"

"ಹೋಗು. ರೊಟ್ಟಿ ಕಟ್ಟಿ ಕೊಡ್ತೀನಿ. ಗಬ್ಬೂರು ಮ್ಯಾಲ ಹೋಗ್ತದ ಬಸ್ಸು, ಕಿಡಕಿ ಕಡಿ ಕುಂದ್ರು."

ಬುಧವಾರ ಬಸ್‌ಸ್ಟ್ಯಾಂಡಿಗೆ ಹೋಗಿ ಕೂಡಿಸಿ ಬಂದೆ. ಶೇಂಗಾ ಚಟ್ನಿ ಕೊಟ್ಟೆ. ಮನೆಗೆ ಬಂದು ಮೂರು ದಿನ ಇಬ್ಬರಿಗಾಗುವಷ್ಟು ಅನ್ನಕ್ಕೆ ಇಟ್ಟೆ. ನಾಲ್ಕನೇ ದಿನ ಅಳತೆ ಸರಿಹೋಯಿತು. ಡಬ್ಬಿಗಳು ಅವಳು ಇಟ್ಟುಹೋದ ಹಾಗೆಯೇ ಇವೆ, ಎರಡು ಎರಡು ಕಡೆ, ಸಾಸಿವೆ ನಡುವೆ. ಒಗ್ಗರಣೆಗೆ ಬೇಕಾದಾಗ ತೆಗೆದು ಮತ್ತೆ ಅಲ್ಲೇ ಇಡುತ್ತೇನೆ. ಬೆಳಿಗ್ಗೆ ಗಂಟಲು ಮತ್ತೆ ಕಟ್ಟತೊಡಗಿದೆ. ಖಾನಾವಳಿಯವನು ಬರುವ ಮೊದಲೇ ಎರಡು ಸಲ ಕೆಮ್ಮಿ ಇಟ್ಟುಕೊಳ್ಳುತ್ತೇನೆ.

ಇವತ್ತು ಬೆಳಿಗ್ಗೆ ಗಿರಣಿಗೆ ಹೊರಡುವ ಮೊದಲು ಅವಳ ಫೋನ್ ಬಂತು. ಗಬ್ಬೂರಿನಿಂದಲೇ.

"ಯಮ್ಮಾ, ಕೇಳು. ಮಾನ್ವಿ ಕಡಿ ಒಂದು ಹುಡುಗಿ ಇಲ್ಲಿ ತವರಿಗೆ ಬಂದಿದ್ದಳು. ಆಕಿ ಬಂದ ಮ್ಯಾಲ ಅಲ್ಲಿ ನರ್ಸಮ್ಮಗ ರಕ್ತದ ರಿಪೋರ್ಟು ಸಿಕ್ಕದ, ರಕ್ತ ಭಾಳ ಕಡಿಮಿ ಅಂತ. ಅಲ್ಲಿ ಕಾರ್ಯಕರ್ತಿ ಬರದಾಳ, ಇಲ್ಲಿ ಕಾರ್ಯಕರ್ತಿ ಫೋನಿಗೆ ಬಂದದ. ಅವತ್ತ ದವಾಖಾನಿಗೆ ಕರಕೊಂಡು ಹೋಗ್ಯಾರ. ನಿನ್ನಿ ಹೆರಿಗಿ ಆತು. ಗಂಡು. ತಾಯಿ ಮಗ ಇಬ್ಬರೂ ಛಲೋ ಅದಾರ. ಅಳೂದು ನಾನ ಕೇಳಿಸ್ಕೊಂಡು ಬಂದೆ."

"ಜೋರು ಅತ್ತನೇನು?" ಎಂದು ಕೇಳಿದೆ.

"ದವಾಖಾನಿ ತುಂಬ ಕೇಳ್ತಿತ್ತು."

ಈ ಸಂತೋಷವನ್ನೇ ನಾನು ಗಿರಣಿಗೆ ಹೊತ್ತುಕೊಂಡು ಹೋಗಿದ್ದು. ಅವನಿಗೆ ಹೇಳಬೇಕೆಂದರೆ ಕುರ್ಡಿಯಿಂದ ಹೇಳಬೇಕಾಗುತ್ತಿತ್ತು. ಹಿಂದೆ ಸಾಲು ನಿಂತಿತ್ತು. ಡಬ್ಬಿಯ ಮಾತಷ್ಟೇ ಹೇಳಿ ಬಂದೆ.

ಆ ಫೋನಿನಲ್ಲೇ ಇನ್ನೊಂದು ಮಾತು ಬಂತು. "ಯಮ್ಮಾ, ಒಂದು ತಪ್ಪಾಗ್ಯದ," ಎಂದಳು. "ಪರೀಕ್ಷಾಕ್ಕ ಹಾಕಿದ್ದೆನಲ್ಲ, ನಿನ್ನ ಹೆಸರು, ಅದನ್ನ ತೆಗಿಯೂದು ಮರತೀನಿ. ಇಲ್ಲಿ ಕಾರ್ಯಕರ್ತಿ ಮೂರು ದಿನದಿಂದ ನಿನ್ನ ಹುಡುಕಾಕತ್ತಾಳ. ಏಳು ತಿಂಗಳ ಬಸುರಿ, ಕಾಲು ಬಾತಾವ ಅಂತದ, ಮನಿ ಸಿಗವಲ್ದು ಅಂತ. ನಿಮ್ಮವ್ವನ ಮನಿ ಜಾಗದಾಗ ಈಗ ಟ್ರ್ಯಾಕ್ಟರ್ ನಿಲ್ಲಸ್ತಾರ. ಅಲ್ಲಿ ನಿಂತು ನಿನ್ನ ಹೆಸರು ಹಿಡದು ಕರದಾಳಂತ. ಬಾಜೂ ಮನಿಯವರನ್ನೆಲ್ಲ ಕೇಳ್ಯಾಳಂತ."

ಒಂದು ಕಡೆ ಒತ್ತಿ ತೆಗೆದುಬಿಡಬಹುದಾಗಿದ್ದದ್ದನ್ನು ಅವಳು ತೆಗೆಯದೆ ನನಗೆ ಹೇಳುತ್ತಿದ್ದಳು. ಕುರ್ಡಿಯ ಹುಡುಗಿ ಯಾರೆಂದು ಅವಳಿಗೆ ಗೊತ್ತಿದೆ ಎಂದು ಆಗ ನನಗೆ ತಿಳಿಯಿತು. ಭಾನುವಾರದಿಂದಲೇ ಗೊತ್ತಿರಬೇಕು.

"ತೆಗೀಲೇನಮ್ಮ?" ಎಂದಳು, ಮೆಲ್ಲಗೆ.

"ತೆಗಿಯಂತಿ, ನಾಳೆ ತೆಗಿ," ಎಂದೆ. "ಇವತ್ತೊಂದಿನ ಇರಲಿ. ಹುಡುಕಲಿ."

"ಪಾಪ, ಬಿಸಲಾಗ ತಿರಗ್ತಾಳ."

"ಮತ್ತ ನೀ ಹೋಗಿ ನೀರು ಕೊಡು ಆಕಿಗೆ. ನಮ್ಮವ್ವ ಇದ್ದಿದ್ರ ಕೊಡ್ತಿದ್ದಳು."